ಸರ್ವೆ ನಂಬರ್ ೧೧೨ರ ಸೂರಕ್ಕಿ

ಜನವರಿ ೭, ಮಂಗಳವಾರ

ಶಹಾಬಾದಿನ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಮೀಟರು ನೋಡಿ, "ಸಿಟ್ಟು ಯಾರ ಮ್ಯಾಲ ಇಳಸ್ತೀರಿ?" ಎಂದು ಕೇಳಿದರು. ಯಾರ ಮೇಲೂ ಇಲ್ಲ ಎಂದೆ. ನಾನು ಪರಸಗುಂಡಗಿ ಗ್ರಾಮ ಪಂಚಾಯತಿಯ ಪಿಡಿಓ. ಮೇಲಿನವರ ಮೇಲೆ ಇಳಿಸುವಂತಿಲ್ಲ. ಕೆಳಗಿನವರು ನನಗಿಂತ ಮೊದಲೇ ಇಳಿಸಿಬಿಡುತ್ತಾರೆ. "ಹಂಗಾದ್ರ ಬರದಿಡ್ರಿ, ಗುಳಿಗಿಗಿಂತ ಛಲೋ" ಎಂದರು.

ಸುಣ್ಣದಕಲ್ಲಿನ ಗಣಿಯ ಸಾವಕಾರ ನಾಗೇಂದ್ರಪ್ಪನವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿ ಖಾಲಿ ಬಿದ್ದಿತ್ತು. ಪ್ರತಿ ಪುಟದ ಮೂಲೆಯಲ್ಲೂ ಅವರ ಫೋಟೋ ಇದೆ. ಆದರೆ ಕಾಗದ ಒಳ್ಳೆಯದು.

ಇಂದಿನ ವಿಶೇಷ: ಮೇಲಿನಿಂದ ಸುತ್ತೋಲೆ. ಪಂಚಾಯತಿ ವ್ಯಾಪ್ತಿಯ ಎಲ್ಲ ಗಿಡ, ಪ್ರಾಣಿ, ಪಕ್ಷಿ, ಹುಳುಗಳನ್ನು ಗ್ರಾಮಸ್ಥರೊಡನೆ ಚರ್ಚಿಸಿ, ಸ್ಥಳ ಪರಿಶೀಲಿಸಿ, ಜೀವವೈವಿಧ್ಯ ರಿಜಿಸ್ಟರಿನಲ್ಲಿ ದಾಖಲಿಸಬೇಕು. ಗಡುವು ಮೂರು ದಿನ. ನಮ್ಮ ಊರಿನಲ್ಲಿ ಎಷ್ಟು ಮನುಷ್ಯರಿದ್ದಾರೆಂಬ ಲೆಕ್ಕವೇ ಇನ್ನೂ ಒಂದಕ್ಕೊಂದು ತಾಳೆಯಾಗಿಲ್ಲ.

ಹೆದರುವವನು ನಾನಲ್ಲ. ಹದಿನೈದು ವರ್ಷದ ನೌಕರಿಯಲ್ಲಿ ನಾನು ಕಲಿತ ವಿದ್ಯೆ ಒಂದೇ, ಖಾಲಿ ಕಾಲಂ ತುಂಬುವುದು. ತರಬೇತಿಯಲ್ಲಿ ಜೊತೆಗಿದ್ದ ಅಶೋಕಕುಮಾರ ಈಗ ಘಟ್ಟದ ಕಡೆ ಇದ್ದಾನೆ. ಫೋನು ಮಾಡಿದೆ. ಹತ್ತು ನಿಮಿಷದಲ್ಲಿ ಅವನ ಊರಿನ ಇಡೀ ರಿಜಿಸ್ಟರು ನನ್ನ ಮೊಬೈಲಿಗೆ ಬಂದು ಬಿತ್ತು.

ಜನವರಿ ೧೦, ಶುಕ್ರವಾರ

ಮುಗಿಸಿ ಕಳಿಸಿದೆ. ಊರಿನ ಹೆಸರು ಬದಲಿಸಿದೆ. ಆನೆ ತೆಗೆದೆ, ಕಾಳಿಂಗಸರ್ಪ ತೆಗೆದೆ, ಮೂರು ಜಲಪಾತ ತೆಗೆದೆ. ಇಷ್ಟು ಪ್ರಾಮಾಣಿಕತೆ ಸಾಕು. ಹಕ್ಕಿಗಳನ್ನು ಮಾತ್ರ ಮುಟ್ಟಲಿಲ್ಲ. ಇನ್ನೂರ ಹದಿನಾಲ್ಕು. ಹಾರುವ ವಸ್ತುವಿಗೆ ಲೆಕ್ಕ ಯಾರು ಕೇಳುತ್ತಾರೆ?

ಒಂದು ಹಕ್ಕಿಗೆ 'ಅಪರೂಪದ್ದು, ಕಂಡ ಸ್ಥಳ ಕಡ್ಡಾಯವಾಗಿ ನಮೂದಿಸಿ' ಎಂದು ಕಂಪ್ಯೂಟರು ಹಟ ಹಿಡಿಯಿತು. ಕೆಂಪುಬೆನ್ನಿನ ಸೂರಕ್ಕಿ. ಮಳೆ ಸುರಿಯುವ ಬೆಟ್ಟದ ಕಾಡಿನಲ್ಲಿ ಹೂವಿನ ಮಧು ಕುಡಿದು ಬದುಕುವ ಹೆಬ್ಬೆರಳಿನಷ್ಟು ಹಕ್ಕಿಯಂತೆ. ಆ ಕ್ಷಣಕ್ಕೆ ನನಗೆ ನೆನಪಾದದ್ದು ಸರ್ವೆ ನಂಬರ್ ೧೧೨. ಊರ ಪಕ್ಕದ ಗಾಯರಾಣ, ಅಂದರೆ ದನ ಮೇಯುವ ಸರ್ಕಾರಿ ಭೂಮಿ; ಒಂದಷ್ಟು ಮುತ್ತಲ ಗಿಡಗಳಿವೆ. ಹಾಕಿದೆ. ಕಂಪ್ಯೂಟರು ಹಸಿರು ಬಣ್ಣಕ್ಕೆ ತಿರುಗಿತು.

ಅಧ್ಯಕ್ಷೆ ಅನಸುಬಾಯಿ ಸಹಿಗೆ ಬಂದರು. ಹಿಂದೆ ಇದೇ ಊರಿನ ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದವರು. ಮೀಸಲಾತಿಯಲ್ಲಿ ಗೆದ್ದು ಬಂದಿದ್ದಾರೆ. ಬೇರೆ ಪಂಚಾಯತಿಗಳಲ್ಲಿ ಗಂಡಂದಿರೇ ಬಂದು ಸಹಿ ಹಾಕಿ ನಮಗೆ ಅನುಕೂಲ ಮಾಡಿಕೊಡುತ್ತಾರೆ. ಇವರ ಗಂಡ ಭೀಮಶ್ಯಾನಿಗೆ ಆ ತಿಳುವಳಿಕೆ ಇಲ್ಲ.

"ಏನ್ ಬರದೀರಿ, ಜರಾ ಓದಿ ಹೇಳ್ರಿ ಸಾಹೇಬ್ರ" ಎಂದರು.

"ಹಕ್ಕಿಪಕ್ಕಿ ಯಾದಿ ಅದ ಅಧ್ಯಕ್ಷರ. ಇನ್ನೂರ ಹದಿನಾಕು."

"ಯವ್ವಾ! ನಮ್ಮೂರಾಗ? ನಾ ಒಂದೂ ನೋಡಿಲ್ಲಲ್ರಿ."

"ನೀವು ಕಲ್ಲು ಒಡಿಯೂದ್ರಾಗ ಇದ್ರಿ. ಮ್ಯಾಲ ನೋಡ್ಲಿಕ್ಕೆ ಪುರಸತ್ತು ಎಲ್ಲಿತ್ತು?"

ಅವರು ನಗಲಿಲ್ಲ. ಸಹಿ ಹಾಕಿದರು.

ಜನವರಿ ೨೭, ಸೋಮವಾರ

ನಿನ್ನೆ ಗಣರಾಜ್ಯೋತ್ಸವದ ವೇದಿಕೆಯಲ್ಲಿ ನನಗೆ ಶಾಲು, ಪ್ರಮಾಣಪತ್ರ. 'ಜೀವವೈವಿಧ್ಯ ರಕ್ಷಣೆಯಲ್ಲಿ ಅನುಪಮ ಸಾಧನೆ.' ಶಿವಗಂಗಾ ಶಾಲನ್ನು ಮುಟ್ಟಿ ನೋಡಿ, "ಈ ಸಲ ಕಲಬುರಗಿಗಿ ಬದಲಿ ಆಗೇ ಆಗ್ತದ ನೋಡ್ರಿ" ಎಂದಳು. ಹೆಂಡತಿ ಗಂಡನನ್ನು ಹೊಗಳಿದ ದಿನವನ್ನು ದಾಖಲಿಸುವುದು ನನ್ನ ಕರ್ತವ್ಯ.

ಫೆಬ್ರವರಿ ೧೧, ಮಂಗಳವಾರ

ನಾಗೇಂದ್ರಪ್ಪನವರು ಸ್ವತಃ ಕಚೇರಿಗೆ ಬಂದರು. ಇದು ಒಳ್ಳೆಯ ಲಕ್ಷಣವಲ್ಲ. ಸಾಮಾನ್ಯವಾಗಿ ನಾನೇ ಹೋಗುವುದು ರೂಢಿ.

"ಏನ್ರಿ ಸಿದ್ಧಲಿಂಗ ಸಾಹೇಬ್ರ, ಹಕ್ಕಿ ಸಾಕೀರಂತಲ್ಲ?"

ವಿಷಯ ಹೀಗಿದೆ. ಅವರು ಗಣಿಯನ್ನು ೧೧೨ರ ತನಕ ವಿಸ್ತರಿಸಲು ಅರ್ಜಿ ಹಾಕಿದ್ದಾರೆ. ಅದು ಮೇಲೆ ಹೋಗಿ ವಾಪಸು ಬಂದಿದೆ. ಕಾರಣ: 'ಸದರಿ ಸ್ಥಳದಲ್ಲಿ ಅಪರೂಪದ ಬೆಟ್ಟದ ಹಕ್ಕಿ ಇರುವುದಾಗಿ ಪಂಚಾಯತಿಯೇ ದಾಖಲಿಸಿರುತ್ತದೆ. ತಜ್ಞರು ಬಂದು ಪರಿಶೀಲಿಸುವರು.' ಕಡತದ ಮೇಲೆ 'ತುರ್ತು' ಎಂದು ಕೆಂಪು ಚೀಟಿ ಬೇರೆ.

"ಇಲ್ಲಂತ ಬರದು ಕೊಡ್ರಿ, ಮುಗೀತು" ಎಂದರು.

ಇಲ್ಲ ಎಂದರೆ ರಿಜಿಸ್ಟರು ಸುಳ್ಳು. ರಿಜಿಸ್ಟರು ಸುಳ್ಳಾದರೆ ಶಾಲು ಸುಳ್ಳು, ನೌಕರಿಗೆ ಕುತ್ತು. ಮೇಲಿನ ಸಾಹೇಬರಿಗೆ ಫೋನು ಮಾಡಿದೆ. ಅವರು ಬಹಳ ಹೊತ್ತು ಯೋಚಿಸಿ ಹೇಳಿದರು: "ಹಕ್ಕಿ ಇರಬೇಕು. ಆದ್ರ ೧೧೨ರಾಗ ಇರಬಾರ್ದು."

ಇದಕ್ಕೇ ಅವರು ಮೇಲಿದ್ದಾರೆ.

ಫೆಬ್ರವರಿ ೧೩, ಗುರುವಾರ

ಹಕ್ಕಿಯ ಸುದ್ದಿ ಊರಿಗೆಲ್ಲ ಗೊತ್ತಾಗಿದೆ. ಬೆಳಿಗ್ಗೆ ಭೀಮಶ್ಯಾ ಬಂದ. ಅವನ ಓಣಿ ೧೧೨ಕ್ಕೆ ಹತ್ತಿದಂತಿದೆ, ಹದಿನೆಂಟು ಮನೆ. ಈಗಿನ ಗಣಿಯೇ ಅಲ್ಲಿಂದ ಕೂಗಳತೆಯ ದೂರ. ದಿನಾ ಮಧ್ಯಾಹ್ನ ಒಂದಕ್ಕೆ ಸೈರನ್ ಊದಿ, ಮದ್ದಿಟ್ಟು ಬಂಡೆ ಸಿಡಿಸುತ್ತಾರೆ; ಅದಕ್ಕೆ ಬಾರು ಎನ್ನುತ್ತಾರೆ.

"ಸಾಹೇಬ್ರ, ಬಾರ್ ಹಾರಿಸಿ ಹಾರಿಸಿ ನಮ್ಮ ಮನಿ ಗ್ವಾಡಿ ಸೀಳ್ಯಾವಂತ ನಾಕು ವರ್ಷಾತು ಅರ್ಜಿ ಕೊಡಲಿಕತ್ತು. ಒಬ್ರೂ ಬಂದು ನೋಡಿಲ್ಲ. ಈಗ ಒಂದು ಹಕ್ಕಿ ಸಲುವಾಗಿ ಬರ್ಲಿಕತ್ತಾರ. ಛಲೋ ಆತು ಬಿಡ್ರಿ. ಅದು ನಮ್ಮಕ್ಕಿಂತ ಭಾಳ ದೊಡ್ಡ ಮಂದಿದು ಇರಬೇಕು."

ಅವನು ವ್ಯಂಗ್ಯವಾಡಿದನೋ ಇಲ್ಲವೋ ತಿಳಿಯಲಿಲ್ಲ. ಅರ್ಜಿಗಳು ಅಲ್ಮಾರಿಯ ಕೆಳಗಿನ ಖಾನೆಯಲ್ಲಿವೆ. ಆವಕ ರಿಜಿಸ್ಟರಿನಲ್ಲಿ ಏರಿಸಿಲ್ಲ. ಏರಿಸಿದರೆ ಉತ್ತರ ಕೊಡಬೇಕಾಗುತ್ತದೆ.

ಫೆಬ್ರವರಿ ೨೪, ಸೋಮವಾರ

ಸಾಹೇಬರ ಸೂಚನೆಯಂತೆ ತಿದ್ದುಪಡಿ ಟಿಪ್ಪಣಿ ಸಿದ್ಧಪಡಿಸುತ್ತಿದ್ದೇನೆ: '೧೧೨ ಎಂಬುದನ್ನು ೨೧೧ ಎಂದು ಓದಿಕೊಳ್ಳತಕ್ಕದ್ದು.' ೨೧೧ ಎಂದರೆ ಸ್ಮಶಾನ. ಅಲ್ಲಿ ಗಣಿ ಕೇಳುವವರಿಲ್ಲ, ಹಕ್ಕಿ ನೆಮ್ಮದಿಯಿಂದ ಇರಬಹುದು.

ಆದರೆ ತಜ್ಞರು ಬಂದರೆ ನಾಲ್ಕು ಮಾತಾದರೂ ಆಡಬೇಕಲ್ಲ. ಸೂರಕ್ಕಿ ಎಂದರೆ ಹೇಗಿರುತ್ತದೆಂದು ನೋಡಲು, ಮೈದುನನ ದುರ್ಬೀನು ಇಸಿದುಕೊಂಡು ಬೆಳಿಗ್ಗೆ ಏಳಕ್ಕೇ ೧೧೨ಕ್ಕೆ ಹೋದೆ. ಹದಿನೈದು ವರ್ಷದಲ್ಲಿ ಮೊದಲ ಸಲ ಸ್ಥಳ ಪರಿಶೀಲನೆ. ಗಿಡಗಳ ಎಲೆಯೆಲ್ಲ ಉದುರಿ, ಕೊಂಬೆ ತುಂಬ ಕೇಸರಿ ಹೂ. ಮೇಲೆ ಸುಣ್ಣದ ಧೂಳು. ಅರ್ಧ ಗಂಟೆ ಏನೂ ಕಾಣಲಿಲ್ಲ. ಆಮೇಲೆ ಮಸಿಯ ಹನಿಯಂಥದ್ದೊಂದು ಬಂದು ಹೂವಿನ ಬುಡಕ್ಕೆ ಬಾಗಿದ ಕೊಕ್ಕು ಚುಚ್ಚಿತು. ಬಿಸಿಲಿಗೆ ತಿರುಗಿದಾಗ ಮಸಿ ನೀಲಿಯಾಯಿತು, ನೇರಳೆಯಾಯಿತು, ಹಸಿರೂ ಆಯಿತು. ಬೆನ್ನು ಕೆಂಪಿರಲಿಲ್ಲ. ಅದೊಂದು ತೊಡಕು.

ನೀರು ಹೊತ್ತು ಬರುತ್ತಿದ್ದ ಅನಸುಬಾಯಿ ನಿಂತರು. "ಅದನ್ನ ನೋಡ್ಲಿಕ್ಕೆ ದುರ್ಬೀನು ಯಾಕ್ರಿ? ನಮ್ಮ ಪಡಸಾಲಿ ತಂತಿ ಮ್ಯಾಲ ಗೂಡು ಕಟ್ಟಲಿಕತ್ತದ, ಬರ್ರಿ."

ಹೋದೆ. ಬಟ್ಟೆ ಒಣಹಾಕುವ ತಂತಿಗೆ ಒಂದು ಚೀಲ ಜೋತಾಡುತ್ತಿತ್ತು. ಹೆಣ್ಣು ಹಕ್ಕಿ, ಮಾಸಲು ಹಳದಿ, ಜೇಡರ ಬಲೆ ತಂದು ಹೊಲಿಯುತ್ತಿತ್ತು. ಒಣ ಎಲೆ, ನಾರು, ಗುಟ್ಕಾ ಚೀಟಿಯ ತುಂಡು. ಗಂಡು ಪಕ್ಕದಲ್ಲಿ ಕೂತು ಹಾಡುತ್ತಿತ್ತು, ಒಂದು ಕಡ್ಡಿಯನ್ನೂ ತರಲಿಲ್ಲ. ಮೇಲ್ವಿಚಾರಣೆ. ಗೌರವ ಮೂಡಿತು.

ಗೂಡಿನ ಬಾಗಿಲಿಗೆ ಮರೆಯಾಗಿ ಚಿಕ್ಕ ಸೂರೂ ಕಟ್ಟಿದೆ. ಗೂಡಿನ ಹಿಂದಿನ ಗೋಡೆಯಲ್ಲಿ ಬಿರುಕು. ನನ್ನ ಕೈ ಒಳಗೆ ಹೋಯಿತು.

ಮಾರ್ಚ್ ೩, ಸೋಮವಾರ

ಕಳೆದೊಂದು ವಾರದಲ್ಲಿ ಐದು ದಿನ ಹೋಗಿದ್ದೇನೆ, ಕಚೇರಿ ಕೆಲಸದ ನಿಮಿತ್ತ. ೭.೪೦: ಹೆಣ್ಣು ಏಳು ಸಲ ಬಂತು. ೭.೫೫: ಗಂಡು ಬೇರೆ ಗಂಡನ್ನು ಬೆನ್ನಟ್ಟಿತು. ೮.೧೦: ಗೂಡಿನೊಳಗೆ ಹತ್ತಿಯಂಥ ಏನನ್ನೋ ಹಾಸಿತು. ಇದೆಲ್ಲ ಬೇರೆ ಪಟ್ಟಿಪುಸ್ತಕದಲ್ಲಿ ಬರೆದಿಟ್ಟಿದ್ದೇನೆ, ಕಡತಕ್ಕೆ ಬೇಕಾದೀತು.

ಶಿವಗಂಗಾ ಕೇಳಿದಳು: "ಏಳಕ್ಕೇ ಎದ್ದು ಅಂಗಿಗೆ ಇಸ್ತ್ರಿ ಹಾಕ್ಕೊಂಡು ಎಲ್ಲಿ ಹೊಂಟೀರಿ ದಿನಾ?" ಹಕ್ಕಿ ನೋಡಲಿಕ್ಕೆ ಎಂದೆ. "ಅದರ ಹೆಸರೇನು?" ಎಂದಳು. ಸೂರಕ್ಕಿ ಎಂದರೂ ನಂಬಲಿಲ್ಲ. ದುರ್ಬೀನು ತೋರಿಸಿದ ಮೇಲೆ ಅನುಮಾನ ಇನ್ನೂ ಹೆಚ್ಚಿತು.

ಅಶೋಕಕುಮಾರನಿಗೆ ಫೋನು ಮಾಡಿ, ನಿಮ್ಮ ಕೆಂಪುಬೆನ್ನಿನದು ಗೂಡು ಹೇಗೆ ಕಟ್ಟುತ್ತದೆ ಎಂದು ವಿಚಾರಿಸಿದೆ. "ಯಾವ ಹಕ್ಕಿನೋ ಮಾರಾಯ? ಆ ಫೈಲು ನಾನೂ ಪಕ್ಕದ ತಾಲ್ಲೂಕಿನವರಿಂದ ಇಸಗೊಂಡಿದ್ದು" ಎಂದ. ಆ ಪಕ್ಕದವನು ಎಲ್ಲಿಂದ ಇಸಿದುಕೊಂಡನೋ. ಎಲ್ಲೋ ಒಬ್ಬ ಮೊದಲನೆಯವನು ನಿಜವಾಗಿ ಮಳೆಯಲ್ಲಿ ನಿಂತು ನೋಡಿ ಬರೆದಿರಬೇಕಲ್ಲ. ಇವತ್ತೆಲ್ಲ ಆ ಮನುಷ್ಯನನ್ನೇ ನೆನೆದೆ.

ಮಾರ್ಚ್ ೧೮, ಮಂಗಳವಾರ

ತಜ್ಞರು ಬಂದರು. ನಾನು ಬೆಂಗಳೂರಿನ ಗಡ್ಡದವರನ್ನು ನಿರೀಕ್ಷಿಸಿ ಎಳನೀರು ತರಿಸಿದ್ದೆ. ಬಂದವರು ಯಶೋಧರಾ ಎಂಬ ಮೂವತ್ತರ ಹೆಣ್ಣುಮಗಳು. ಬಸ್ಸಿನಲ್ಲಿ ಬಂದರು. ಊರು ಯಾವುದೆಂದು ಕೇಳಿದೆ. "ಶಹಾಬಾದರಿ. ಅಪ್ಪಾ ರೇಲ್ವೆದಾಗಿದ್ರು."

ಕೆಲಸ ಕೆಟ್ಟಿತು. ಹೊರಗಿನವರಿಗೆ ನಮ್ಮ ಸೀಮೆಯ ಬಗ್ಗೆ ಏನು ಹೇಳಿದರೂ ನಂಬುತ್ತಾರೆ.

೧೧೨ರಲ್ಲಿ ನಿಂತು ಒಮ್ಮೆ ಸುತ್ತ ನೋಡಿದರು. "ಸರ್, ಆ ಹಕ್ಕಿ ಇಲ್ಲಿಗಿ ಬರಬೇಕಾದ್ರ ಮೊದಲ ಒಂದು ಬೆಟ್ಟ ಬರಬೇಕು. ಆಮ್ಯಾಲ ಮಳಿ. ಯಾವ ಹೂವಿನ ಮ್ಯಾಲ ನೋಡಿದ್ರಿ ನೀವು?"

'ಸ್ಮಶಾನದಲ್ಲಿ' ಎಂಬ ಟಿಪ್ಪಣಿ ಜೇಬಿನಲ್ಲಿತ್ತು. ಅದನ್ನು ತೆಗೆಯುವ ಬದಲು ನನ್ನ ಬಾಯಿ ಬೇರೇನೋ ಹೇಳತೊಡಗಿತು. ಮೊದಲು ಮುತ್ತಲ, ಹೂ ಮುಗಿದ ಮೇಲೆ ಕರೀಜಾಲಿ ಮರಕ್ಕೆ ಹತ್ತಿದ ಬದನಿಕೆಯ ಹೂ. ಹೆಣ್ಣು ಒಂದೇ ಕಾವಿಗೆ ಕೂರುತ್ತದೆ, ಹತ್ತು ದಿನವಾಯಿತು. ಗಂಡು ಮಾತ್ರ ಹಾಡುತ್ತದೆ. ಬಿಸಿಲೇರಿದರೆ ಹೆಣ್ಣು ಗೂಡಿನ ಬಾಗಿಲಿಗೆ ಬಂದು ಬಾಯಿ ತೆರೆದು ಕೂರುತ್ತದೆ. ಆಕೆ ಕೈ ಚಾಚಿ ಪಟ್ಟಿಪುಸ್ತಕ ಇಸಿದುಕೊಂಡು ನಿಂತಲ್ಲೇ ಹದಿನೈದು ನಿಮಿಷ ಓದಿದರು.

"ರಿಜಿಸ್ಟರಿನಾಗ ಬರದಿದ್ದು ಸುಳ್ಳು. ಇದು ಖರೆ" ಎಂದರು. "ಇದು ನೇರಳೆ ಸೂರಕ್ಕಿ. ಎಲ್ಲಾರ ಹಿತ್ತಲದಾಗೂ ಇರ್ತದ. ಸಾದಾ ಹಕ್ಕಿ ಖಣಿ ನಿಂದ್ರಸಂಗಿಲ್ಲ ಸರ್. ನಾ ಇದ್ದದ್ದೇ ಬರೀಬೇಕಾಗ್ತದ."

ಅನಸುಬಾಯಿಯ ಮನೆಯಲ್ಲಿ ಗೂಡು ನೋಡಿದರು, ಆಮೇಲೆ ಗೋಡೆ ನೋಡಿದರು. "ಬಿರುಕಿಗಿ ನನ್ನ ಫಾರ್ಮಿನಾಗ ಕಾಲಂ ಇಲ್ಲ. ನಿಮ್ಮ ಕಚೇರ್ಯಾಗ ಇರಬೇಕಲ್ಲ?"

ನಾನು ಎಳನೀರು ಕೊಟ್ಟೆ.

ಮಾರ್ಚ್ ೨೨, ಶನಿವಾರ

ನೋಟೀಸು ಬಂತು. ಇಲ್ಲದ ಹಕ್ಕಿಯನ್ನು ದಾಖಲಿಸಿದ್ದಕ್ಕೆ ಏಳು ದಿನದೊಳಗೆ ಸಮಜಾಯಿಷಿ. ಮೇಲಿನ ಸಾಹೇಬರು ಫೋನಿನಲ್ಲಿ ಸಮಾಧಾನ ಹೇಳಿದರು: "ಸಹಿ ಯಾರದು? ಅಧ್ಯಕ್ಷರದು. ಅವರೇ ಹೇಳಿ ಬರೆಸಿದ್ರು ಅಂತ ಹಾಕ್ರಿ. ೧೧೨ರ ಬಾಜೂಕೇ ಅವರ ಮನಿ ಅದ, ಹೊಂದಿಕಿ ಆಗ್ತದ." ನಾಗೇಂದ್ರಪ್ಪನವರಿಗೂ ಇದು ಒಪ್ಪಿಗೆ. ಅನಸುಬಾಯಿ ಕುರ್ಚಿ ಬಿಟ್ಟರೆ ಉಪಾಧ್ಯಕ್ಷ ಕೂರುತ್ತಾನೆ. ಅವನು ಸಾವಕಾರರ ಟಿಪ್ಪರು ನಡೆಸುವವನು. ಕಲಬುರಗಿಯ ಬದಲಿ ಯಾದಿಯಲ್ಲಿ ನನ್ನ ಹೆಸರು ಇನ್ನೂ ಇದೆಯಂತೆ.

ಕರಡು ಬರೆದೆ. ಬಹಳ ಚೆನ್ನಾಗಿ ಬಂದಿದೆ. 'ಅಧ್ಯಕ್ಷರ ಒತ್ತಾಯದ ಮೇರೆಗೆ' ಎಂಬಲ್ಲಿ ಅಕ್ಷರಗಳು ಕೂಡ ದುಂಡಗೆ ಬಿದ್ದಿವೆ.

ಊಟ ಸೇರಲಿಲ್ಲ. ಬಿಸಿಲಿಗಿರಬೇಕು.

ಮಾರ್ಚ್ ೨೪, ಸೋಮವಾರ

ಮರಿಯಾಗಿವೆ. ಎರಡು. ಕಣ್ಣಿಲ್ಲ, ಪುಕ್ಕವಿಲ್ಲ, ಬಾಯಿ ಮಾತ್ರ ಇದೆ. ನಮ್ಮ ಸಾಮಾನ್ಯ ಸಭೆಯ ನೆನಪಾಯಿತು.

ಕರಡಿಗೆ ಅನಸುಬಾಯಿಯ ಪೂರ್ತಿ ಹೆಸರು, ವಿಳಾಸ ಬೇಕಿತ್ತು, ಅದಕ್ಕೇ ಹೋದದ್ದು. ಅವರು ಚಹಾ ಕೊಟ್ಟು, "ಸಾಹೇಬ್ರ, ನನ್ನ ಸಹಿ ಸಲುವಾಗಿ ನಿಮಗೇನರ ತ್ರಾಸ ಆತೇನ್ರಿ? ಅವತ್ತ ನಾ ಹಟಾ ಹಿಡದು ಓದಸ್ಕೋಬೇಕಿತ್ತು. ತಪ್ಪ ನಂದೇ" ಎಂದರು.

ನಾನು ಚಹಾದ ಕಪ್ಪು ಕೆಳಗಿಡುತ್ತಿದ್ದಂತೆ ಗಣಿಯ ಒಂದು ಗಂಟೆಯ ಸೈರನ್ ಆಯಿತು. ಆಮೇಲೆ ನೆಲ ಎದ್ದು ಕೂತಿತು. ಹದಿನೈದು ವರ್ಷ ಈ ಸದ್ದನ್ನು ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೇಳಿದ್ದೇನೆ, ದೂರದ ಗುಡುಗಿನಂತೆ. ಇಲ್ಲಿ ಅದು ಕಿವಿಗೆ ಬರುವುದಿಲ್ಲ, ಅಂಗಾಲಿಗೆ ಬರುತ್ತದೆ. ತಂತಿ ಜೋಲಿ ಹೊಡೆಯಿತು, ಗೂಡು ಗಿರಗಿರ ತಿರುಗಿತು. ಗೋಡೆಯ ಒಂದು ಚಕ್ಕೆ ಬಿದ್ದು ಕಪ್ಪು ಒಡೆಯಿತು. ಅನಸುಬಾಯಿ ಕಸಬರಿಗೆ ತಂದರು. ಮೂರು ನಿಮಿಷಕ್ಕೆ ತಾಯಿಹಕ್ಕಿ ಹುಳ ಕಚ್ಚಿಕೊಂಡು ಬಂತು.

ವಿಳಾಸ ಕೇಳುವುದು ಮರೆತುಬಿಟ್ಟೆ.

ಮಾರ್ಚ್ ೨೭, ಗುರುವಾರ

ಮೂರು ದಿನದಿಂದ ಕೆಲಸ. ಭೀಮಶ್ಯಾ ಮತ್ತು ನಾನು ಹದಿನೆಂಟು ಮನೆಗಳ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಇಟ್ಟು, ಸಿಮೆಂಟು ಮೆತ್ತಿ, ತಾರೀಖು ಬರೆದೆವು. ಗೋಡೆ ಅಲುಗಿದರೆ ಗಾಜು ಸೀಳುತ್ತದೆ. ಇದು ಭೀಮಶ್ಯಾನಿಗೆ ಗಣಿಯಲ್ಲೇ ಗೊತ್ತಾದ ಉಪಾಯ. ನಿನ್ನೆಯ ಬಾರಿಗೆ ಹನ್ನೊಂದು ಪಟ್ಟಿ ಸೀಳಿದವು. ಪಂಚನಾಮೆ ಮಾಡಿದೆ. ಅಲ್ಮಾರಿಯ ಕೆಳಖಾನೆಯ ಮೂವತ್ತೊಂದು ಅರ್ಜಿಗಳನ್ನು ಆವಕ ರಿಜಿಸ್ಟರಿಗೆ ಏರಿಸಿದೆ. ಬೇರೆ ಕಡತ ತೆರೆದರೆ ಇನ್ನೂ ನಾಲ್ಕು ವರ್ಷ ಮಲಗುತ್ತದೆ. ಆದ್ದರಿಂದ 'ತುರ್ತು' ಎಂದಿದ್ದ ಹಕ್ಕಿಯ ಕಡತಕ್ಕೇ ಪೋಣಿಸಿ ಕಳಿಸಿದೆ.

ನೋಟೀಸಿಗೂ ಉತ್ತರ ಕೊಟ್ಟೆ. ಹೊಸದು. ದುಂಡಗೆ ಬರೆಯಲು ಸಮಯವಿರಲಿಲ್ಲ. 'ರಿಜಿಸ್ಟರು ನಾನು ನಕಲು ಮಾಡಿದ್ದು. ಅಧ್ಯಕ್ಷರು ಓದಿ ಹೇಳಲು ಕೇಳಿದ್ದರು, ನಾನು ಓದಿ ಹೇಳಲಿಲ್ಲ.'

ಶಿವಗಂಗಾಗೆ ಹೇಳಿದೆ. ರೊಟ್ಟಿ ಬಡಿಯುವುದು ನಿಲ್ಲಿಸಿದಳು. "ಕಲಬುರಗಿ ಹೋತು" ಎಂದಳು. ಹೌದು ಎಂದೆ. ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ಹಂಗಾದ್ರ ಖರೇನೇ ಹಕ್ಕಿ ನೋಡ್ಲಿಕ್ಕೇ ಹೋಗ್ತಿದ್ರಿ?" ಎಂದು ಕೇಳಿ ಮತ್ತೆ ಬಡಿಯತೊಡಗಿದಳು.

ಏಪ್ರಿಲ್ ೩, ಗುರುವಾರ

ಹೊಸ ರಿಜಿಸ್ಟರನ್ನು ಗ್ರಾಮಸಭೆಯಲ್ಲಿ ಕೂತು ಬರೆದೆವು. ಕಂಡವರು ಕಂಡದ್ದು ಹೇಳಿದರು, ಅನಸುಬಾಯಿ ಪ್ರತಿಯೊಂದನ್ನೂ ಓದಿಸಿ ಸಹಿ ಮಾಡಿದರು. ಇಪ್ಪತ್ತಾರು ಹಕ್ಕಿ. ಅದನ್ನು ಕಳಿಸಿದ ಎರಡೇ ತಾಸಿಗೆ ಮೇಲಿನಿಂದ ಪತ್ರ: 'ತಮ್ಮ ಪಂಚಾಯತಿಯಲ್ಲಿ ಮೂರೇ ತಿಂಗಳಲ್ಲಿ ನೂರ ಎಂಬತ್ತೆಂಟು ಹಕ್ಕಿಗಳು ನಶಿಸಿರುವುದು ಆತಂಕಕಾರಿ. ಕೂಡಲೇ ಕಾರಣ ತಿಳಿಸುವುದು.'

ಜೊತೆಗೆ ನನ್ನ ಆದೇಶ. ಬಡ್ತಿಗೆ ತಡೆ, ಚಿಂಚೋಳಿ ಕಾಡಿನ ಅಂಚಿನ ಒಂದು ಪಂಚಾಯತಿಗೆ ಶಿಕ್ಷೆಯ ವರ್ಗಾವಣೆ. ಅಲ್ಲಿ ಏನೇನು ಹಕ್ಕಿ ಇರುತ್ತವೆಂದು ಯಶೋಧರಾ ಅವರಿಗೆ ಸಂದೇಶ ಕಳಿಸಿದ್ದೇನೆ. ಚಾರ್ಜು ವಹಿಸಿಕೊಳ್ಳುವ ದೃಷ್ಟಿಯಿಂದ ತಿಳಿದಿದ್ದರೆ ಒಳ್ಳೆಯದು.

ಏಪ್ರಿಲ್ ೯, ಬುಧವಾರ

ಮೊನ್ನೆ ಇಬ್ಬರು ಇಂಜಿನಿಯರರು ಬಂದು ಸೀಳಿದ ಗಾಜು ನೋಡಿ ಹೋದರು. ನಿನ್ನೆ ಸಂಜೆ ಆದೇಶ ಬಂತು: ಮುಂದಿನ ತನಿಖೆಯವರೆಗೆ ಓಣಿಯ ಹತ್ತಿರ ಬಾರು ಹಾರಿಸುವಂತಿಲ್ಲ. '೧೧೨ರ ವಿಸ್ತರಣೆ ಸದ್ಯಕ್ಕೆ ಬಾಕಿ.' ನಾಗೇಂದ್ರಪ್ಪನವರು ಮೇಲ್ಮನವಿ ಹಾಕುತ್ತಾರೆ, ಖಂಡಿತ. ಅವರಲ್ಲಿ ವಕೀಲರಿದ್ದಾರೆ. ನಮ್ಮಲ್ಲಿ ಗಾಜಿನ ಪಟ್ಟಿಗಳಿವೆ.

ಚಾರ್ಜು ಒಪ್ಪಿಸಿ, ಮಧ್ಯಾಹ್ನದ ಬಸ್ಸಿಗೆ ಮೊದಲು ಅನಸುಬಾಯಿಯ ಮನೆಗೆ ಹೋದೆ. ಅವರೂ ಭೀಮಶ್ಯಾನೂ ಪಂಚಾಯತಿಯಲ್ಲಿದ್ದರು. ಹೊಸ ಪಿಡಿಓ ಕೈಯಲ್ಲಿ ರಿಜಿಸ್ಟರು ಓದಿಸುತ್ತಿದ್ದರಂತೆ. ಭೀಮಶ್ಯಾನ ತಾಯಿ ಮಾಳಮ್ಮ ಒಬ್ಬರೇ ಒಲೆಯ ಮುಂದೆ ಬೇಳೆ ಕುದಿಸುತ್ತಿದ್ದರು. ಗೂಡು ಖಾಲಿ. "ನಸುಕಿನ್ಯಾಗ ಹಾರಿ ಹೋದ್ವು ನನ್ನಪ್ಪಾ" ಎಂದರು. ನೋಡಲು ಆಗಲಿಲ್ಲವಲ್ಲ ಎನ್ನಿಸಿತು. ಇರಲಿ, ಹಾರಿದ್ದು ಮುಖ್ಯ.

ಒಂದು ಗಂಟೆಯಾಗುತ್ತಿದ್ದಂತೆ ಮುದುಕಿ ಸೆರಗು ಎಳೆದು ಗಡಿಗೆಯ ಬಾಯಿಗೆ ಹಿಡಿದು, ಎರಡೂ ಕೈ ಒತ್ತಿ ಕೂತರು. ಮಾಡಿನಿಂದ ಮಣ್ಣು ಬೀಳದ ಹಾಗೆ.

"ಅವ್ವಾ, ಇವತ್ತ ಬಾರ್ ಹಾರಸಂಗಿಲ್ಲ. ಆರ್ಡರ್ ಬಂದದ" ಎಂದೆ.

"ಆರ್ಡರ್ ನಿಮ್ಮ ಆಫೀಸಿಗಿ ಬಂದಿರ್ತದಪ್ಪಾ. ನನ್ನ ಕೈಗಿ ಇನ್ನಾ ಬಂದಿಲ್ಲ."

ಇಬ್ಬರೂ ಕೂತೆವು. ಒಂದಾಯಿತು. ಒಂದೂ ಹತ್ತು. ಸೈರನ್ ಇಲ್ಲ. ಸೆರಗಿನ ಅಂಚಿನಿಂದ ಹಬೆ ಏಳುತ್ತಿತ್ತು. ಒಂದೂಕಾಲಿಗೆ ಅವರು ಒಂದು ಕೈ ತೆಗೆದರು. ಮಾಡನ್ನು ನೋಡಿದರು. ಇನ್ನೊಂದು ತೆಗೆಯಲು ಮತ್ತೆ ಹತ್ತು ನಿಮಿಷ ಹಿಡಿಯಿತು.

"ಬ್ಯಾಳಿ ಆಗ್ಯಾದ. ಕುಂದ್ರು, ಉಂಡೇ ಹೋಗು" ಎಂದರು.

ಚಿಂಚೋಳಿಯ ಬಸ್ಸು ಹೋಗಿಬಿಟ್ಟಿತ್ತು. ಕುಂತೆ.